ಪಕ್ಕದ್ಮನೆಯವರ ಕಾಲಿಗೆ ಹೊಂದಿಸಿದ ಹಾಡು

ಮಳೆ ಬಿಟ್ಟ ಮೇಲೆ ಮೊದಲ ಮದುವೆಗೆಂದು ಆಂಪ್ಲಿಫೈಯರನ್ನು ಹೊರಗೆಳೆದು ಸ್ವಿಚ್ ಹಾಕಿದರೆ ಒಂದು ವಾಸನೆ ಬರುತ್ತದೆ. ಮಳೆಗಾಲವಿಡೀ ಮೂಲೆಯಲ್ಲಿ ಕುಳಿತು ಹಿಡಿದ ಬೂಷ್ಟು, ಅದರ ಮೇಲೆ ಕೂತ ಧೂಳು, ಎರಡೂ ಒಟ್ಟಿಗೆ ಬಿಸಿಯಾಗುವ ವಾಸನೆ. ಒದ್ದೆ ಕಂಬಳಿಯ ಪಕ್ಕದಲ್ಲಿ ಯಾರೋ ಹಪ್ಪಳ ಸುಟ್ಟ ಹಾಗೆ. ಕಳೆದ ವಾರ ನಮ್ಮ ಜಗಲಿಯಲ್ಲಿ ಅದು ಎದ್ದಾಗ ಅಮ್ಮ ಒಳಗಿನಿಂದಲೇ, “ಎಂತದೋ ಸುಡ್ತಾ ಉಂಟು, ನೋಡೋ” ಎಂದು ಕೂಗಿದಳು. ಏನೂ ಸುಡುತ್ತಿರಲಿಲ್ಲ. ನನಗೆ ಮಾವ ನೆನಪಾಗಿದ್ದರು, ಅಷ್ಟೆ.

ಮಾವ ಎಂದರೆ ಹೆಣ್ಣು ಕೊಟ್ಟ ಮಾವ ಅಲ್ಲ. ನನಗೆ ಹೆಣ್ಣು ಕೊಡುವಷ್ಟು ಧೈರ್ಯದವರು ಸಿದ್ದಾಪುರದ ಸುತ್ತಮುತ್ತ ಇನ್ನೂ ಕಂಡುಬಂದಿಲ್ಲ. ನಮ್ಮ ರಸ್ತೆಯ ಕೊನೆಯಲ್ಲಿ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತ ಎರಡು ಮನೆಗಳಿವೆ. ಅಣ್ಣತಮ್ಮಂದಿರ ಮನೆಗಳು. ತಮ್ಮ ಡಿಜೆ. ಅವರನ್ನು ನಾವು ಮಾವ ಎನ್ನುತ್ತಿದ್ದೆವು, ಅಣ್ಣನನ್ನು ದೊಡ್ಡ ಮಾವ. ನಾವು ಅವರಿಗೆ ನೆಂಟರೇನೂ ಅಲ್ಲ, ಆದರೆ ನಮ್ಮ ಕಡೆ ಯಾರನ್ನಾದರೂ ಹೆಸರು ಹಿಡಿದು ಕರೆದರೆ ಜಗಳಕ್ಕೆ ಬಂದಿದ್ದಾನೆ ಅಂದುಕೊಳ್ಳುತ್ತಾರೆ.

ನನ್ನ ವಿಚಾರ ಹೆಚ್ಚಿಲ್ಲ. ಅಪ್ಪ ಎಸ್ಟೇಟಿನಲ್ಲಿ ರೈಟರ್. ಕೂಲಿಯವರ ಹಾಜರಿ ಹಾಕುವುದನ್ನು ಬಿಟ್ಟರೆ ನಮ್ಮ ವಂಶದಲ್ಲಿ ಬೇರೆ ಬರವಣಿಗೆ ಇಲ್ಲ. ಇದೇ ಮೊದಲು, ತಪ್ಪಿದ್ದರೆ ಅಪ್ಪನಿಗೆ ಹೇಳಬೇಡಿ. ನನಗೆ ಬರುವುದು ಒಂದೇ ವಿದ್ಯೆ, ಬೇರೆಯವರ ಹಾಗೆ ಮಾತಾಡುವುದು. ವಿರಾಜಪೇಟೆ ಬಸ್ಸಿನ ಕಂಡಕ್ಟರ್, ಕೂಲಿಯವರ ಲೈನ್‌ಮನೆಯ ಮೇಸ್ತ್ರಿ, ಆನೆ ಬಂದಾಗ ಜೀಪಿನಿಂದ “ಯಾರೂ ಹೊರಗೆ ಬರಬೇಡಿ” ಎಂದು ನಡುಗುವ ದನಿಯಲ್ಲಿ ಧೈರ್ಯ ಹೇಳುವ ಫಾರೆಸ್ಟ್ ಗಾರ್ಡು, ನನ್ನನ್ನು ಬೈಯುವ ಅಪ್ಪ, ಬೈಸಿಕೊಂಡು ಮೂಗಿನಲ್ಲಿ ಉತ್ತರ ಕೊಡುವ ನಾನು, ಎಲ್ಲರನ್ನೂ ಮಾಡುತ್ತೇನೆ. ಕಾಲೇಜು ಮುಗಿದ ಮೇಲೆ, ಅಂದರೆ ಕಾಲೇಜಿಗೆ ನಾನು ಸಾಕಾದ ಮೇಲೆ, ಮಾವ ಕರೆದು ಕೈಗೆ ಮೈಕು ಕೊಟ್ಟರು. “ಹೇಗೂ ಬಾಯಿ ಸುಮ್ಮನಿರೋದಿಲ್ಲ. ನಾನು ಹಾಡು ಹಾಕ್ತೇನೆ, ನೀನು ಬಾಯಿ ಹಾಕು” ಎಂದರು.

ಮಾವನಿಗೆ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ಮಳೆಗೆ ಸೂರ್ಯ ಕಾಣದ ಆಟಿ ತಿಂಗಳಲ್ಲೂ ಕಪ್ಪು ಕನ್ನಡಕ. ಸ್ಪೀಕರ್ ಪೆಟ್ಟಿಗೆಯ ಮೇಲೆ ಅವರದೇ ಫೋಟೋ, ಆ ಫೋಟೋದಲ್ಲೂ ಕಪ್ಪು ಕನ್ನಡಕ. ಮಾವನ ಹೆಂಡತಿ, ನಮ್ಮ ಅತ್ತೆ, “ಇವರು ಕರೆಂಟು ಹೋದಾಗಲೂ ಅದನ್ನು ಹಾಕಿಕೊಂಡೇ ಮೇಣದ ಬತ್ತಿ ಹುಡುಕೋದು” ಎನ್ನುತ್ತಿದ್ದರು. ಆದರೆ ಹಾಡಿನ ವಿಚಾರಕ್ಕೆ ಬಂದರೆ ಕನ್ನಡಕ ತೆಗೆಯುತ್ತಿದ್ದರು. ಆಗ ಕಾಣುವ ಅವರ ಕಣ್ಣು... ಪರೀಕ್ಷೆಗೆ ಕೂತ ಮಕ್ಕಳ ಕಣ್ಣಿನ ಹಾಗಿರುತ್ತಿತ್ತು.

ಅವರು ನನಗೆ ಕಲಿಸಿದ್ದು ಎರಡೇ. ಒಂದು ಟೆಂಪೋ, ಹಾಡಿನ ಓಟ. ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಲ್ಯಾಪ್‌ಟಾಪೇ ಎಣಿಸಿ ಹೇಳುತ್ತದೆ. ನೂರಿಪ್ಪತ್ತರ ಹಾಡಿನಿಂದ ನೂರಿಪ್ಪತ್ತನಾಲ್ಕಕ್ಕೆ ಹೋಗಬಹುದು, ಮೊದಲನೆಯದನ್ನು ಕಾಣದ ಹಾಗೆ ಸ್ವಲ್ಪ ಸ್ವಲ್ಪವೇ ಓಡಿಸುತ್ತ. ತೊಂಬತ್ತರಿಂದ ಒಮ್ಮೆಲೇ ಅಲ್ಲಿಗೆ ಹಾರಿದರೆ ಕುಣಿಯುವವರ ಕಾಲು ತೊಡರುತ್ತದೆ. ಇನ್ನೊಂದು ಕೀ, ಅಂದರೆ ಹಾಡು ಕೂತ ಶ್ರುತಿ. ಅದಕ್ಕೆ ಗಡಿಯಾರದ ಹಾಗೆ ಒಂದು ಚಕ್ರ, ಅದರಲ್ಲಿ ಹನ್ನೆರಡು ಮನೆ. ಒಂದೇ ಮನೆಯ ಹಾಡುಗಳು ಒಂದರ ಮೇಲೊಂದು ಬಂದರೂ ಜಗಳವಾಡುವುದಿಲ್ಲ. ಪಕ್ಕದ ಮನೆಯದಾದರೂ ನಡೆಯುತ್ತದೆ. ಎದುರು ಬದಿಯ ಮನೆಯದನ್ನು ತಂದರೆ ಮಾತ್ರ ಎರಡು ನಾಯಿ ಒಟ್ಟಿಗೆ ಊಳಿಟ್ಟ ಹಾಗೆ ಕೇಳಿಸುತ್ತದೆ.

“ಪಕ್ಕದ ಮನೆ ಜೊತೆ ಯಾವಾಗಲೂ ಹೊಂದ್ತದೆ ಮಾರಾಯ” ಎಂದು ಮಾವ ಮೊದಲ ದಿನವೇ ಹೇಳಿದ್ದರು. ಹೇಳಿದವರು ಗೋಡೆಯ ಕಡೆ ನೋಡಿದರು. ಗೋಡೆಯ ಆಚೆ ದೊಡ್ಡ ಮಾವ ಕೆಮ್ಮಿದ್ದು ಕೇಳಿಸಿತು. ಇಬ್ಬರಿಗೂ ಮಾತು ಬಿಟ್ಟು ಆಗಲೇ ವರ್ಷಗಳಾಗಿದ್ದವು.

ಅದು ಶುರುವಾದದ್ದು ದೊಡ್ಡ ಮಾವನ ಮಗನ ಮದುವೆಯಲ್ಲಿ. ನಾನಾಗ ಕುಶಾಲನಗರದ ಹಾಸ್ಟೆಲಿನಲ್ಲಿದ್ದೆ, ಕಣ್ಣಾರೆ ನೋಡಿಲ್ಲ. ಆದರೆ ಏಳೆಂಟು ಜನರ ಬಾಯಲ್ಲಿ ಕೇಳಿದ್ದೇನೆ, ಏಳೆಂಟು ದನಿಯಲ್ಲಿ ಮಾಡಿಯೂ ತೋರಿಸುತ್ತೇನೆ. ನಮ್ಮಲ್ಲಿ ಮದುವೆ ಎಂದರೆ ವಾಲಗ. ಪೀಪಿ, ಡೋಲು ಒಮ್ಮೆ ಹತ್ತಿದರೆ ಮಂಡಿ ನೋವಿನವರೂ ಎದ್ದು ಬರುತ್ತಾರೆ. ದೊಡ್ಡ ಮಾವ ಅದರಲ್ಲಿ ಎತ್ತಿದ ಕೈ. ಎರಡೂ ತೋಳು ಮೇಲೆತ್ತಿ, ಕಣ್ಣು ಅರೆ ಮುಚ್ಚಿ, ನೆಲಕ್ಕೆ ನೋವಾಗದ ಹಾಗೆ ಹೆಜ್ಜೆ ಇಟ್ಟು ಕುಣಿಯುತ್ತಿದ್ದರು. ಅವತ್ತು ವಾಲಗ ಏರಿ ಅವರು ಕುಣಿತದ ನಡುವೆ ಇದ್ದಾಗ, ಮಾವನಿಗೆ ಹೊಸ ಸ್ಪೀಕರ್ ತೋರಿಸುವ ಅವಸರ. ವಾಲಗ ನಿಲ್ಲಲು ಕಾಯಲಿಲ್ಲ. ಅದರ ಮೇಲೆಯೇ ಡಿಜೆ ಹಾಡು ಎತ್ತಿಬಿಟ್ಟರು. ಓಟ ಬೇರೆ, ಶ್ರುತಿ ಬೇರೆ. ದೊಡ್ಡ ಮಾವನ ಒಂದು ಕಾಲು ವಾಲಗದಲ್ಲಿ, ಇನ್ನೊಂದು ಡಿಜೆಯಲ್ಲಿ. ತೊಡರಿ ಕೂತುಬಿಟ್ಟರು, ನೆಂಟರೆಲ್ಲರ ಎದುರು, ಮಗನ ಮದುವೆಯಲ್ಲಿ. ಜನ ನಕ್ಕರು. ಅವರು ಎದ್ದು, ನಮ್ಮ ಕಡೆ ಗಂಡಸರು ಮದುವೆಗೆ ತೊಡುವ ಉದ್ದ ಕೋಟು, ಆ ಕುಪ್ಪಸವನ್ನು ಕೊಡವಿಕೊಂಡು ತಮ್ಮನ ಹತ್ತಿರ ಹೋಗಿ, “ಕುಣಿಯುವವನ ನಡುವೆ ನುಗ್ಗಿದೆಯಲ್ಲ” ಎಂದರಂತೆ. ಅಷ್ಟೇ. ಆಮೇಲೆ ಮಾತಿಲ್ಲ.

ಹೆಂಗಸರು ಮಾತು ಬಿಡಲಿಲ್ಲ. ಅತ್ತೆ ಮಾಡಿದ ಬಿದಿರು ಕಳಲೆ ಪಲ್ಯ ಗೋಡೆ ದಾಟಿ ಹೋಗುತ್ತಿತ್ತು, ಆಚೆಯಿಂದ ಕಡುಬು ಬರುತ್ತಿತ್ತು. ಮಾವನ ಮಗಳಂತೂ ದಿನದ ಅರ್ಧ ಆಚೆಯೇ. ಚಿಕ್ಕವಳಿದ್ದಾಗ ದೊಡ್ಡಪ್ಪನ ಪಾದದ ಮೇಲೆ ಪಾದ ಇಟ್ಟು ವಾಲಗದ ಹೆಜ್ಜೆ ಕಲಿತವಳು ಅವಳು. ಅವಳ ಮದುವೆ ಗೊತ್ತಾದಾಗ ಅಪ್ಪನಿಗೆ ಒಂದೇ ಮಾತು ಹೇಳಿದಳು. “ಅಪ್ಪ, ಚಿನ್ನ ಎಷ್ಟು ಬೇಕಾದ್ರೂ ಹಾಕಿ, ಬೇಡದಿದ್ರೆ ಬಿಡಿ. ದೊಡ್ಡಪ್ಪ ಕುಣೀಬೇಕು. ಅವರು ಮೂಲೇಲಿ ಕೂತು ನೋಡೋ ಮದುವೆ ನಂಗೆ ಬೇಡ.”

ಮಾವ ಕನ್ನಡಕ ತೆಗೆದಿಟ್ಟರು.

ಮರುದಿನವೇ ವಾಲಗದವರ ಮನೆಗೆ ಹೋಗಿ ಅವರು ನುಡಿಸುವುದನ್ನು ರೆಕಾರ್ಡ್ ಮಾಡಿ ತಂದೆವು. ಲ್ಯಾಪ್‌ಟಾಪಿಗೆ ಹಾಕಿದರೆ ಅದಕ್ಕೆ ತಲೆ ಕೆಟ್ಟಿತು. ಓಟ ಒಮ್ಮೆ ಅರ್ಧ ತೋರಿಸುತ್ತದೆ, ಒಮ್ಮೆ ದುಪ್ಪಟ್ಟು. ಪೀಪಿಯ ಶ್ರುತಿಯೋ ಎರಡು ಮನೆಯ ನಡುವೆ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದೆ, ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಾನು, “ವಾಲಗವನ್ನೇ ಸ್ವಲ್ಪ ಮೇಲೆತ್ತಿ ಹಾಡಿನ ಮನೆಗೆ ಸೇರಿಸಿದ್ರೆ ಆಯ್ತಲ್ಲ ಮಾವ, ರೆಕಾರ್ಡ್ ಹಾಕುವಾ” ಎಂದೆ.

“ರೆಕಾರ್ಡಿಗೆ ಪಕ್ಕದ್ಮನೆಯವರು ಏಳ್ತಾರಾ? ವಾಲಗದವರು ಎದುರಿಗೇ ನುಡಿಸ್ಬೇಕು. ಅವರ ಪೀಪಿ ಬದಲಾಗೋದಿಲ್ಲ, ಪಕ್ಕದ್ಮನೆಯವರ ಕಾಲೂ ಬದಲಾಗೋದಿಲ್ಲ. ಡಿಜೆ ಹಾಡೇ ಬಗ್ಗಬೇಕು.”

ದೊಡ್ಡ ಮಾವನನ್ನು ಅವರು ಹಾಗೆಯೇ ಕರೆಯುತ್ತಿದ್ದದ್ದು, ಪಕ್ಕದ್ಮನೆಯವರು.

ಹಾಗಾಗಿ ಒಂದೊಂದು ಹಾಡನ್ನೂ ಪೀಪಿಯ ಶ್ರುತಿಗೆ ಕೂದಲೆಳೆಯಷ್ಟು ಕೆಳಗಿಳಿಸುತ್ತ, ಡೋಲಿನ ಓಟಕ್ಕೆ ಎಳೆಯುತ್ತ ಕೂತೆವು. ಕನ್ನಡದಿಂದ ತಮಿಳಿಗೆ, ಅಲ್ಲಿಂದ ಮಲಯಾಳಕ್ಕೆ, ತುಳುವಿಗೆ, ಮತ್ತೆ ವಾಲಗಕ್ಕೆ. ನಮ್ಮ ಮದುವೆಗಳಲ್ಲಿ ಒಂದು ಪದ್ಧತಿ ಇದೆ: ತಮಿಳು ಹಾಡು ಮುಗಿದರೆ ಲೈನಿನ ಹುಡುಗರು ಕೂರುತ್ತಾರೆ, ಮಲಯಾಳದವರು ಏಳುತ್ತಾರೆ, ಅದು ಮುಗಿದರೆ ಇನ್ನೊಬ್ಬರು. ಹಾಡಿಗೊಂದು ಜಾತಿ, ಜಾತಿಗೊಂದು ಕುರ್ಚಿ. ಮಾವನ ಲೆಕ್ಕ ಏನೆಂದರೆ, ಒಂದು ಹಾಡು ಎಲ್ಲಿ ಮುಗಿಯಿತು ಎಂದೇ ಗೊತ್ತಾಗದಿದ್ದರೆ ಯಾರೂ ಕೂರುವುದಿಲ್ಲ. ಕಾಲು ಎಲ್ಲೂ ತಡೆಯಬಾರದು.

ಪರೀಕ್ಷೆ ಮಾಡುವುದು ನನ್ನ ಮೇಲೆ. “ನೀನು ಪಕ್ಕದ್ಮನೆಯವರು ಆಗು” ಎನ್ನುತ್ತಿದ್ದರು ಮಾವ. ನಾನು ಲುಂಗಿ ಎತ್ತಿ ಕಟ್ಟಿ, ತೋಳು ಮೇಲೆತ್ತಿ, ಕಣ್ಣು ಅರೆ ಮುಚ್ಚಿ ದೊಡ್ಡ ಮಾವನಾಗುತ್ತಿದ್ದೆ. ಬೇರೆ ಮದುವೆಗಳಲ್ಲಿ ಅವರ ಕುಣಿತ ನೋಡಿ ನೋಡಿ ಕಲಿತಿದ್ದೆ. ಅತ್ತೆ ಸೌಟು ಹಿಡಿದುಕೊಂಡೇ ಬಂದು ನಗುತ್ತ ನಿಲ್ಲುತ್ತಿದ್ದರು. “ಹೊಟ್ಟೆ ಮುಂದೆ ತಳ್ಳು, ಅವರಿಗೆ ಇನ್ನೂ ಉಂಟು.” ಎರಡು ಹಾಡು ಸೇರುವ ಜಾಗ ಬಂದಾಗ ಮಾವ ನನ್ನ ಕಾಲನ್ನೇ ನೋಡುತ್ತಿದ್ದರು. ದಾಟಿದ ಕೂಡಲೇ ಹಾಡು ನಿಲ್ಲಿಸಿ, “ತಡೆಯಿತಾ?”

“ಇಲ್ಲ ಮಾವ.”

“ನೀನು ಹೇಳಬೇಡ. ಅವರ ಹಾಗೆ ಹೇಳು.”

ನಾನು ದೊಡ್ಡ ಮಾವನ ಗಂಟಲಲ್ಲಿ, “ಎಂತದೂ ಆಗಲಿಲ್ಲ” ಎನ್ನಬೇಕು. ಆಗ ಮಾವನ ಮುಖದಲ್ಲಿ ಬರುತ್ತಿದ್ದ ಸಂತೋಷ ನೋಡಿ ನನಗೆ ನಗು ಬರುತ್ತಿತ್ತು. ಈಗ ಯೋಚಿಸಿದರೆ... ಬರುವುದಿಲ್ಲ.

ಮದುವೆಯ ಕಾಗದ ಕೊಟ್ಟು ಕರೆಯಲು ಮಾವ ಅಣ್ಣನ ಮನೆಗೆ ಖುದ್ದಾಗಿ ಹೋದರು. ಜೊತೆಗೆ ನನ್ನನ್ನು ಎಳೆದುಕೊಂಡರು, ಯಾಕೆಂದು ಹೋದ ಮೇಲೆ ಗೊತ್ತಾಯಿತು. ಇಬ್ಬರೂ ಎದುರು ಬದುರು ಕೂತು ನನ್ನ ಜೊತೆ ಮಾತಾಡಿದರು.

“ಊಟ ಆದ ಮೇಲೆ ವಾಲಗ ಉಂಟು ಅಂತ ಹೇಳು” ಎಂದರು ಮಾವ.

“ವಾಲಗ ಮಾತ್ರವಾ, ನಡುವೆ ಬೇರೆ ಎಂತಾದ್ರೂ ಉಂಟಾ ಅಂತ ಕೇಳು” ಎಂದರು ದೊಡ್ಡ ಮಾವ.

“ನಡುವೆ ಅಂತ ಒಂದು ಜಾಗವೇ ಇರೋದಿಲ್ಲ ಅಂತ ಹೇಳು.”

“ಬರ್ತೇನೆ ಅಂತ ಹೇಳು. ಹುಡುಗಿಗೋಸ್ಕರ.”

ನಾನು ತಲೆ ಅತ್ತ ಇತ್ತ ತಿರುಗಿಸಿ, “ನನ್ನ ಕುತ್ತಿಗೆಗೆ ಎಣ್ಣೆ ಹಚ್ಚಲಿಕ್ಕೆ ಯಾರಾದ್ರೂ ಬರ್ತೀರಾ ಅಂತ ಕೇಳ್ತಿದ್ದೇನೆ” ಎಂದೆ. ಇಬ್ಬರ ತುಟಿಯೂ ಒಂದೇ ಸಲ ಅಲುಗಿತು. ಎಷ್ಟಾದರೂ ಒಂದೇ ಹೊಟ್ಟೆಯವರು. ನಕ್ಕೇ ಬಿಡುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಕಾಫಿ ಬಂತು, ಇಬ್ಬರೂ ಲೋಟದೊಳಗೆ ಮುಖ ಇಟ್ಟುಕೊಂಡರು.

ಮದುವೆಯ ದಿನ ಧಾರೆ ಮುಗಿಸಿ, ಎಲ್ಲರಿಗೂ ಬಡಿಸಿ, ಊಟವಾದ ಮೇಲೆ ಮಾವ ಡಿಜೆ ಮೇಜಿನ ಹಿಂದೆ ಬಂದು ನಿಂತರು. ಕುಪ್ಪಸ, ಸೊಂಟಕ್ಕೆ ಸುತ್ತಿದ ದಟ್ಟಿ, ತಲೆಗೆ ಪೇಟ, ಪೇಟದ ಮೇಲೆ ಹೆಡ್‌ಫೋನು. ಹುಡುಗಿಯ ಅಪ್ಪನನ್ನು ಈ ವೇಷದಲ್ಲಿ ನೋಡಿ ಗಂಡಿನ ಕಡೆಯ ಅಜ್ಜಿಯೊಬ್ಬರು, “ಇವರಿಗೆ ಕಿವಿ ನೋವಾ?” ಎಂದು ಕೇಳಿದರು. ನಾನು ಮೈಕಿಗೆ ಕೈ ಹಾಕಿದರೆ ಮಾವ ತಡೆದರು. “ಇವತ್ತು ಮೈಕಲ್ಲಿ ಯಾರನ್ನೂ ಕರೀಬೇಡ. ಕರೆದರೆ ಅವರಿಗೆ ನಾಚಿಕೆ ಆಗ್ತದೆ. ಕಾಲು ತಾನಾಗಿ ಬರಬೇಕು.”

ವಾಲಗ ಹತ್ತಿತು. ಅದರ ಅಡಿಯಿಂದ ಮಾವ ಮೆಲ್ಲಗೆ ಒಂದು ತಾಳ ಒಳಗೆ ಬಿಟ್ಟರು, ಹಾಲಿಗೆ ನೀರು ಸೇರಿದ ಹಾಗೆ. ವಾಲಗದವರಿಗೇ ಗೊತ್ತಾಗಲಿಲ್ಲ, ಪೀಪಿಯವನು ಒಮ್ಮೆ ತಿರುಗಿ ನೋಡಿ ಹುಬ್ಬೇರಿಸಿ ಇನ್ನೂ ಜೋರಾಗಿ ಊದಿದ. ಯಾವಾಗ ಅವರು ನಿಲ್ಲಿಸಿದರು, ಯಾವಾಗ ಹಾಡು ಒಂಟಿಯಾಗಿ ಓಡಲು ಶುರುಮಾಡಿತು, ಮೇಜಿನ ಪಕ್ಕದಲ್ಲಿದ್ದ ನನಗೂ ಹೇಳಲಾಗದು. ಕನ್ನಡ ಬಂತು, ತಮಿಳು ಬಂತು. ಲೈನಿನವರು ಎದ್ದರು, ಕುಪ್ಪಸದವರು ಕೂರಲಿಲ್ಲ. ಮಲಯಾಳ ಬಂತು, ಯಾರೂ ಕೂರಲಿಲ್ಲ. ಅಜ್ಜಿಯೂ ಎದ್ದಿದ್ದರು. ಅಷ್ಟು ಬಗೆಯ ಜನ ಒಂದೇ ಓಟದಲ್ಲಿ ಕುಣಿಯುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ದೊಡ್ಡ ಮಾವ ಬಂದಿದ್ದರು. ಕುಣಿಯುವವರ ಅಂಚಿನಲ್ಲಿ, ಕಂಬದ ಹತ್ತಿರ ನಿಂತಿದ್ದರು. ಚಪ್ಪಲಿ ಬಿಚ್ಚಿದ್ದರು! ಮಾವ ನನ್ನ ಪಕ್ಕೆಗೆ ತಿವಿದರು, “ಚಪ್ಪಲಿ ನೋಡು, ಚಪ್ಪಲಿ ನೋಡು.” ಮದುಮಗಳು ಕುಣಿಯುತ್ತಲೇ ದೊಡ್ಡಪ್ಪನ ಕಡೆ ಕೈ ಚಾಚಿದಳು. ಅವರು ತಲೆ ಆಡಿಸಿದರು, ಬರ್ತೇನೆ ಎನ್ನುವ ಹಾಗೆ. ಬರಲಿಲ್ಲ. ತುಳು ಹಾಡು ಬಂತು. ಒಂದು ಜೋಡಣೆಯೂ ತಪ್ಪಲಿಲ್ಲ. ಮತ್ತೆ ವಾಲಗದವರು ಸೇರಿಕೊಂಡರು, ಮತ್ತೆ ಏರಿತು. ದೊಡ್ಡ ಮಾವ ನಿಂತೇ ಇದ್ದರು. ಆಮೇಲೆ ಬಗ್ಗಿ ಚಪ್ಪಲಿ ಹಾಕಿಕೊಂಡು, ಬಾಗಿಲ ಕಡೆ ನಡೆದರು. ಮಾವ ಕೊನೆಯವರೆಗೂ ನುಡಿಸಿದರು. ನಿಲ್ಲಿಸಿದಾಗ ಇಡೀ ಹಾಲ್ ಶಿಳ್ಳೆ ಹೊಡೆಯಿತು.

ಅದಾದ ಮೇಲೆ ಮಾವನಿಗೆ ಒಂದೇ ಕೆಲಸ, ಆ ದಿನದ ರೆಕಾರ್ಡಿಂಗ್ ಕೇಳುವುದು. “ಎಲ್ಲಿ ತಪ್ಪಿತು ಮಾರಾಯ? ತಮಿಳಿಂದ ಮಲಯಾಳಕ್ಕೆ ಹೋಗುವಾಗ ಶ್ರುತಿ ಒಂದು ಚೂರು ಮೇಲಿತ್ತಾ? ನಿಂಗೆ ಕೇಳ್ತದಾ?” ನನಗೆ ಏನೂ ಕೇಳುತ್ತಿರಲಿಲ್ಲ. ತಪ್ಪೇ ಇರಲಿಲ್ಲ. ಅದನ್ನು ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. “ತಪ್ಪಿಲ್ಲದಿದ್ರೆ ಚಪ್ಪಲಿ ಬಿಚ್ಚಿದವರು ಮತ್ತೆ ಹಾಕಿಕೊಳ್ತಾರಾ?” ಎಂದು ಕೇಳುತ್ತಿದ್ದರು. ನಾನು ನಗಿಸಲು ಕಂಡಕ್ಟರ್ ಮಾಡಿದೆ, ಗಾರ್ಡು ಮಾಡಿದೆ. ಅವರು ಹೆಡ್‌ಫೋನು ತೆಗೆಯಲಿಲ್ಲ. ಕಪ್ಪು ಕನ್ನಡಕ ಎಲ್ಲಿಟ್ಟಿದ್ದರೋ, ಹುಡುಕಲೂ ಇಲ್ಲ.

ಮಳೆ ಹಿಡಿಯುವ ಹೊತ್ತಿಗೆ ಎದೆನೋವು ಬಂತು. ಮಡಿಕೇರಿಗೆ ಕರೆದೊಯ್ಯುವ ದಾರಿಯಲ್ಲೇ ಹೋದರು. ದೊಡ್ಡ ಮಾವ ತಮ್ಮನ ತಲೆಯ ಹತ್ತಿರ ಸಂಜೆವರೆಗೆ ಕೂತಿದ್ದರು. ಅತ್ತೆ ಪೆಟ್ಟಿಗೆಗಳನ್ನೆಲ್ಲ ನನಗೆ ಕೊಟ್ಟರು. “ಮನೆಯಲ್ಲಿದ್ದರೆ ನೋಡಲಿಕ್ಕೆ ಆಗೋದಿಲ್ಲ, ನೀನಾದ್ರೂ ನುಡಿಸು” ಎಂದರು.

ಕಳೆದ ವಾರ ಜಗಲಿಯಲ್ಲಿ ಸ್ಪೀಕರ್ ಪರೀಕ್ಷೆ ಮಾಡುತ್ತಿದ್ದಾಗ ದೊಡ್ಡ ಮಾವ ರಸ್ತೆ ಇಳಿದು ಬಂದರು. ಅಮ್ಮ ಕುರ್ಚಿ ಹಾಕಿದಳು. ಕೂತರು. ನಾನು ಮದುವೆಯ ಜೋಡಣೆಗಳನ್ನೇ ಒಂದೊಂದಾಗಿ ಹಾಕಿ ನೋಡುತ್ತಿದ್ದೆ, ದಾಟಿದ ಕೂಡಲೇ ನಿಲ್ಲಿಸುವುದು, ಮುಂದಿನದು. ಮಾವನ ಅಭ್ಯಾಸವೇ ನನಗೂ ಅಂಟಿದೆ.

“ಹಾಂ, ಇಲ್ಲಿ” ಎಂದರು ದೊಡ್ಡ ಮಾವ. “ಇಲ್ಲಿ ನಿಲ್ಲಿಸ್ತಿದ್ದದ್ದು ಅವ. ಗೋಡೆ ಆಚೆ ನಂಗೆ ದಿನಾ ಕೇಳ್ತಿತ್ತು. ಎಲ್ಲಿ ನಿಲ್ತದೆ, ಎಲ್ಲಿ ಹತ್ತುತ್ತದೆ, ಎಲ್ಲ ಬಾಯಿಪಾಠ ಆಗಿತ್ತು. ನಂಗೋಸ್ಕರವೇ ಅಂತ ಗೊತ್ತಿತ್ತು.”

ನಾನು ಸ್ವಿಚ್ ಆರಿಸಿದೆ.

“ತಮಿಳು ಹಾಡು ಮುಗಿದು ನಿಲ್ತದಲ್ಲ, ಅಲ್ಲಿ ಒಳಗೆ ಹೋಗುವ ಅಂತ ಮಾಡ್ಕೊಂಡಿದ್ದೆ. ಚಪ್ಪಲಿ ಬಿಚ್ಚಿ ನಿಂತೆ. ಮದುವೆ ದಿನ ಅದು ನಿಲ್ಲಲೇ ಇಲ್ಲ ಮಾರಾಯ. ಸರಿ, ಮುಂದಿನ ಕಡೆ ನೋಡುವ ಅಂದ್ರೆ ಅಲ್ಲಿಯೂ ಇಲ್ಲ. ಕುಣಿಯುವವರ ನಡುವೆ ನುಗ್ಗಬಾರದು ಅಂತ ಅವನಿಗೆ ಬಾಯಿ ಬಿಟ್ಟು ಹೇಳಿದವ ನಾನು. ನಾನೇ ನುಗ್ಗುದು ಹೇಗೆ?”

ಗೋಡೆಯ ಈಚೆ ನಾವು ಪರೀಕ್ಷೆಗೆಂದು ನಿಲ್ಲಿಸುತ್ತಿದ್ದದ್ದನ್ನು ಅವರು ಹಾಡು ಮುಗಿಯುವ ಜಾಗ ಎಂದುಕೊಂಡಿದ್ದರು. ನಾನು ಅದನ್ನು ಬಿಡಿಸಿ ಹೇಳಿದೆ. ಅವರ ಕಾಲು ತಡೆಯಬಾರದೆಂದೇ ಮಾವ ಎಲ್ಲೂ ಬಿಡುವು ಇಟ್ಟಿರಲಿಲ್ಲ ಎಂದೆ. ಆಮೇಲೆ ಎಷ್ಟು ದಿನ ತಪ್ಪು ಹುಡುಕುತ್ತ ಕೂತಿದ್ದರು ಎಂಬುದನ್ನೂ ಹೇಳಿದೆ. ಹೇಳಬಾರದಿತ್ತೋ ಏನೋ... ದೊಡ್ಡ ಮಾವ ತಮ್ಮ ಪಾದವನ್ನೇ ನೋಡಿಕೊಂಡರು.

“ನೀನು ಎಲ್ಲರ ಹಾಗೆ ಮಾತಾಡ್ತೀಯಲ್ಲ” ಎಂದರು. “ಅವನ ಹಾಗೆ ಒಂದು ಸಲ ಮಾತಾಡು.”

ನಾನು ಗಂಟಲು ಸರಿಮಾಡಿಕೊಂಡು, “ಎಂತ ಮಾರಾಯ, ಕೀ ನೋಡಿದ್ಯಾ?” ಎಂದೆ. ಒಳಗೆ ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ದೊಡ್ಡ ಮಾವ ನಕ್ಕರು, ಕಣ್ಣು ಒರೆಸಿಕೊಂಡರು. “ಅವನೇ. ಅವನೇ. ಈಗ ನನ್ನನ್ನು ಕರೆ. ಅಣ್ಣ ಅಂತ.”

ಬಾಯಿ ತೆರೆದೆ. ಏನೂ ಬರಲಿಲ್ಲ. ಮಾವನ ಕೋಪ ನನಗೆ ಗೊತ್ತು, ಜಂಬ ಗೊತ್ತು, ಅತ್ತೆಯನ್ನು ಕರೆಯುವ ದನಿ ಗೊತ್ತು, ಮಗಳನ್ನು ಕರೆಯುವುದು ಬೇರೆ ದನಿ, ಅದೂ ಗೊತ್ತು. ಅವರು ಅಣ್ಣ ಎಂದದ್ದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಗಟ್ಟಿಯಾಗಿ ಕರೆಯುತ್ತಿದ್ದರೋ, ಮೆತ್ತಗೋ, ಕೊನೆಯಲ್ಲಿ ಎಳೆಯುತ್ತಿದ್ದರೋ...

“ಹೇಗೆ ಕರೀತಿದ್ರು, ದೊಡ್ಡ ಮಾವ? ನೀವು ಒಂದು ಸಲ ಹೇಳಿ ತೋರಿಸಿ, ನಾನು ಹಾಗೇ ಹೇಳ್ತೇನೆ.”

ಅವರು ನೆನಪಿಸಿಕೊಳ್ಳಲು ನೋಡಿದರು. ತುಟಿ ಒಂದೆರಡು ಸಲ ಅಲುಗಿತು. ರಸ್ತೆಯಲ್ಲಿ ಕಾಫಿ ಪಿಕಿಂಗ್ ಮುಗಿಸಿ ಬರುವವರ ಜೀಪು ಹೋಯಿತು, ಅದು ತಿರುವು ದಾಟುವವರೆಗೂ ನೋಡುತ್ತಿದ್ದರು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದರು.

“ಸಣ್ಣದರಲ್ಲಿ ದಿನಕ್ಕೆ ನೂರು ಸಲ ಕರೀತಿದ್ದ” ಎಂದರು. “ಈಗ ಕಿವಿಗೆ ಬರ್ತಾ ಇಲ್ಲ.”